ನಿಧಾನದವರು ಮುಂದೆ

ಜನವರಿ 11

ತಮ್ಮಾ,

ಮೊದಲು, ಈ ಪತ್ರವನ್ನು ನಿನಗಿಂತ ಮುಂಚೆ ಒಡೆದು ಓದುವ ಜೈಲು ಸಾಹೇಬರಿಗೆ ಒಂದು ಮಾತು. ಸ್ವಾಮಿ, ಇದರಲ್ಲಿ ಬಾಂಬೂ ಇಲ್ಲ, ಗುಟ್ಟೂ ಇಲ್ಲ. ಬಸ್ಸು ತೊಳೆಯುವ ಹೆಂಗಸೊಬ್ಬಳು ತಮ್ಮನಿಗೆ ಬರೆದ ಮನೆ ಸುದ್ದಿ ಇದು. ಹೋದ ಸಲ ಮಸಿ ಬಡಿದು ಎರಡು ಸಾಲು ಕೊಂದಿರಿ. ಅದರಲ್ಲಿದ್ದದ್ದು ನನ್ನ ಹಲ್ಲುನೋವು.

ಈಗ ನಿನಗೆ. ಡಿಪೋ ಗೇಟು ನಮ್ಮ ಪಾಲಿಗೆ ಇನ್ನೂ ಮುಚ್ಚಿದೆ. ಹದಿನಾರು ಗಂಟೆ ಸ್ಟಿಯರಿಂಗ್ ಹಿಡಿದವನಿಗೆ ನಿದ್ದೆ ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ ನಿನ್ನನ್ನು ಒಳಗೆ ಹಾಕಿದರು, ನಿನ್ನ ಹಿಂದೆ ನಿಂತಿದ್ದಕ್ಕೆ ನಮ್ಮನ್ನು ಹೊರಗೆ ಹಾಕಿದರು. ಮುಷ್ಕರ ಮಾಡಿದ್ದು ತಪ್ಪಾಯಿತೆಂಬ ಮಾಫಿ ಕಾಗದಕ್ಕೆ ಸಹಿ ಹಾಕಿದವರು ದಿನಾ ಬೆಳಿಗ್ಗೆ ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಸಹಿ ಹಾಕದ ನಾವು ಎದುರಿನ ಚಹಾ ಅಂಗಡಿಯಲ್ಲಿ ಕೂತು ನೋಡುತ್ತೇವೆ. ನೀನು ಹೇಳಿದ ಹಾಗೆ ಅವರ ಜೊತೆ ಮಾತಿಲ್ಲ, ಕತೆಯಿಲ್ಲ.

ಕೂತೂ ಕೂತೂ ಸೊಂಟ ಹಿಡಿದುಕೊಂಡಿತು. ಹೋದ ವಾರ ನಮ್ಮ ಸೀಟಿ ಒಂದು ಚೀಟಿ ಹಿಡಿದುಕೊಂಡು ಓಡಿ ಬಂದಳು. ಕಂಡಕ್ಟರ್ ಕೆಲಸ ಹೋದರೂ ಅವಳಿಗೆ ಆ ಹೆಸರು ತಂದ ಸೀಟಿ ಕೊರಳಲ್ಲಿ ಇನ್ನೂ ನೇತಾಡುತ್ತದೆ, ಬಾಯಲ್ಲಿ ಮಾತಿಗಿಂತ ಅದೇ ಹೆಚ್ಚು.

"ಅಕ್ಕಾ, ಟ್ರಯಥ್ಲಾನ್ ಅಂತೆ! ಮೊದಲು ಈಜಬೇಕು, ಆಮೇಲೆ ಸೈಕಲ್ಲು, ಕೊನೆಗೆ ಓಟ. ಮಧ್ಯ ಕೂರೋ ಹಾಗಿಲ್ಲ."

"ಯಾರು ಅಟ್ಟಿಸ್ಕೊಂಡು ಬರ್ತಾರೆ?" ಅಂದ ಗಡಿಯಾರ. ನಮ್ಮ ಟೈಮ್‌ಕೀಪರ್ ಗೊತ್ತಲ್ಲ, ಇಪ್ಪತ್ತು ವರ್ಷ ಬಸ್ಸುಗಳಿಗೆ ಹೊತ್ತು ಹೇಳಿದವನು, ತಾನು ಒಂದು ದಿನವೂ ಹೊತ್ತಿಗೆ ಬಂದವನಲ್ಲ.

ನಾನು ನಗಲಿಲ್ಲ. ಚೀಟಿಯಲ್ಲಿ ಈಜುವ ಜಾಗ ಯಾವುದು ಎಂದು ಓದಿದ್ದೆ. ಕ್ಲಬ್ಬಿನ ಕೆರೆ! ನಮ್ಮ ಬೀದಿಯ ತುದಿಯಲ್ಲೇ ಇರುವ, ನಾವು ಹುಟ್ಟಿದಾಗಿನಿಂದ ತಂತಿ ಬೇಲಿಯ ಕಿಂಡಿಯಲ್ಲಿ ಮಾತ್ರ ನೋಡಿದ ಕೆರೆ. ಅಮ್ಮ ಆ ಕ್ಲಬ್ಬಿನ ಟವೆಲುಗಳನ್ನು ಒಗೆದೂ ಒಗೆದೂ ಬೆರಳು ಸವೆಸಿದಳು, ಆ ನೀರಿಗೆ ಒಂದು ಬೆರಳು ಅದ್ದಲಿಲ್ಲ. "ಒಳಗೆ ಏನಿದ್ಯೋ, ಅಷ್ಟು ಕಾಯ್ತಾರೆ" ಅನ್ನುತ್ತಿದ್ದಳು. ಸ್ಪರ್ಧೆಯ ದಿನ ನಂಬರು ಕಟ್ಟಿಕೊಂಡವರು ಯಾರಾದರೂ ಗೇಟಿನಿಂದಲೇ ಒಳಗೆ ಹೋಗಬಹುದಂತೆ. ಜೂನ್ ತಿಂಗಳ ಮೊದಲ ಭಾನುವಾರ.

ನಾವು ಮೂವರೂ ಹೆಸರು ಕೊಟ್ಟಿದ್ದೇವೆ. ಮೂವರಿಗೂ ಈಜು ಬರುವುದಿಲ್ಲ.

ನಿನ್ನ ಅಕ್ಕ

*

ಜನವರಿ 29

ಅಕ್ಕಾ,

ನಿನಗೆ ತಲೆ ಕೆಟ್ಟಿದೆ. ಬಹಳ ಸಂತೋಷವಾಯಿತು.

ಈ ಜೈಲು ನಿಮ್ಮಿಂದ ಒಂದು ಹಗಲು ಒಂದು ರಾತ್ರಿಯ ದಾರಿ. ಯಾರೂ ನೋಡಲು ಬರಬಾರದೆಂದೇ ಇಲ್ಲಿಗೆ ಹಾಕಿದ್ದಾರೆ. ಹಾಗಾಗಿ ನನಗೆ ಎಲ್ಲವನ್ನೂ ಬಿಡಿಸಿ ಬರೆಯಬೇಕು. ಈಜುವಾಗ ಉಸಿರು ಯಾವಾಗ ತೆಗೆದುಕೊಳ್ಳುತ್ತಾರೆ? ಕಣ್ಣು ತೆರೆದಿರುತ್ತದೋ ಮುಚ್ಚಿರುತ್ತದೋ? ನೀರಿಂದ ಎದ್ದವರು ಒದ್ದೆ ಬಟ್ಟೆಯಲ್ಲೇ ಸೈಕಲ್ ಹತ್ತುತ್ತಾರಾ? ಸೈಕಲ್ಲಿಂದ ಇಳಿದ ಮೇಲೆ ಕಾಲು ಕಾಲಿನ ಹಾಗೇ ಇರುತ್ತದಾ? ನಾನು ಬಸ್ಸು ಬಿಟ್ಟವನು, ಕೂತು ದುಡಿದ ದೇಹ ಇದು. ದೇಹ ಇಷ್ಟೆಲ್ಲ ಮಾಡುತ್ತದೆ ಎಂದೇ ಗೊತ್ತಿರಲಿಲ್ಲ.

ನಮ್ಮ ಮೆರವಣಿಗೆಯ ನಿಯಮ ಮರೆಯಬೇಡಿ. ನಿಧಾನದವರು ಮುಂದೆ, ಗಟ್ಟಿಗರು ಹಿಂದೆ. ಗಟ್ಟಿಗ ಮುಂದೆ ಹೋದರೆ ಅದು ಮೆರವಣಿಗೆಯಲ್ಲ, ಪರಾರಿ. ಗಡಿಯಾರನನ್ನು ಮುಂದೆ ಬಿಡಿ.

ನಿನ್ನ ಪತ್ರ ಓದುವ ಸಾಹೇಬ ಅದನ್ನು ಕೊಡುವಾಗ ಕೇಳಿದ: "ಈಜು ಬರಲ್ವಂತಲ್ಲ ನಿಮ್ಮಕ್ಕಂಗೆ? ಮತ್ತೆ ಹೆಂಗೆ?" ನಮ್ಮ ಮನೆಯ ಮಾತು ಓದುವ ಅಧಿಕಾರ ಇವನಿಗೆ ಕೊಟ್ಟವರು ಯಾರು ಎಂದು ಮೈ ಉರಿಯಿತು. ಆದರೂ ನನ್ನ ಪ್ರಶ್ನೆಯೂ ಅದೇ. ಮತ್ತೆ ಹೇಗೆ?

ಇಲ್ಲಿ ಎಲ್ಲ ಮಾಮೂಲು. ಬರೆಯುವಂಥದ್ದು ಏನೂ ಇಲ್ಲ.

ತಮ್ಮ

*

ಫೆಬ್ರವರಿ 16

ತಮ್ಮಾ,

ಹೇಗೆ ಅಂತ ಕೇಳಿದೆಯಲ್ಲ, ಕೇಳು. ನೀವೂ ಕೇಳಿ ಸಾಹೇಬರೇ.

ಊರಾಚೆ ಕಲ್ಲು ತೆಗೆದು ಬಿಟ್ಟ ಹಳ್ಳದಲ್ಲಿ ನೀರು ನಿಂತಿದೆ. ನಾವು ಡಿಪೋ ಜನ, ನಮಗೆ ಗೊತ್ತಿರುವುದು ಟಯರು. ಗುಜರಿಯಿಂದ ಬಸ್ಸಿನ ಟ್ಯೂಬ್ ತಂದು ಗಾಳಿ ತುಂಬಿದೆವು. ಗಡಿಯಾರ ಅದರೊಳಗೆ ರಾಜನ ಹಾಗೆ ಕೂತ. ಬಸ್ಸಿನ ಟ್ಯೂಬಿನ ತೂತು ಎಷ್ಟು ದೊಡ್ಡದು ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎರಡು ಸಲ ಕಾಲು ಬಡಿದ, ತೂತಿನಿಂದ ಬುಳಕ್ಕನೆ ಕೆಳಗಿಳಿದ. ಟ್ಯೂಬ್ ತೇಲುತ್ತಿದೆ, ಗಡಿಯಾರ ಇಲ್ಲ! ಸೀಟಿ ಒಂದೇ ಸಮ ಸೀಟಿ ಊದಿದಳು, ನೀರಿನೊಳಗಿರುವವನು ಬಸ್ಸೋ ಏನೋ ಎಂಬಂತೆ.

ಆಚೆ ಬಂಡೆಯ ಮೇಲೆ ಒಬ್ಬ ಸುಮ್ಮನೆ ಕೂತಿದ್ದ. ಬಟ್ಟೆ ಸಮೇತ ಹಾರಿ, ಗಡಿಯಾರನ ಅಂಗಿ ಕಾಲರು ಹಿಡಿದು ಎಳೆದು ಹಾಕಿದ. ಗಡಿಯಾರ ಕೆಮ್ಮಿ ಕಣ್ಣು ಬಿಟ್ಟು, "ಎಷ್ಟು ಹೊತ್ತು ಒಳಗಿದ್ದೆ?" ಎಂದು ಕೇಳಿದ. ಅವನ ಕೈಗಡಿಯಾರ ಅಂದಿನಿಂದ ನಿಂತಿದೆ.

ಆ ಮನುಷ್ಯನೇ ಈಗ ನಮಗೆ ಈಜು ಕಲಿಸುತ್ತಾನೆ. ತಾನೂ ಹೆಸರು ಕೊಟ್ಟಿದ್ದಾನೆ. ನಾವು ಈಗ ನಾಲ್ವರು.

ಮೊದಲ ಪಾಠ ಈಜುವುದಲ್ಲ, ತೇಲುವುದು. ಮಲಗಬೇಕು. ಕೆಳಗೆ ಏನೂ ಇಲ್ಲ. ತಲೆಯ ಕೆಳಗೆ ಅವನ ಎರಡು ಅಂಗೈ, ಅಷ್ಟೇ. "ಕತ್ತು ಬಿಡಿ" ಎನ್ನುತ್ತಾನೆ. ನಲವತ್ತೆರಡು ವರ್ಷ ಗಟ್ಟಿ ಹಿಡಿದ ಕತ್ತು ಬಿಡು ಅಂದರೆ ಬಿಡುತ್ತದಾ? ಮೂರನೇ ದಿನ ಬಿಟ್ಟೆ. ಕಿವಿ ಮುಳುಗಿತು. ಲೋಕದ ಸದ್ದೆಲ್ಲ ನಿಂತು ನನ್ನ ಉಸಿರೊಂದೇ ಕೇಳಿಸಿತು, ಯಾರೋ ಪಕ್ಕದ ಕೋಣೆಯಲ್ಲಿ ನೆಲ ಗುಡಿಸುತ್ತಿರುವ ಹಾಗೆ. ನಾನು ಇಷ್ಟು ಜೋರಾಗಿ ಉಸಿರಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ ಕಣೋ.

ಉಸಿರನ್ನು ಪಕ್ಕಕ್ಕೆ ಹೊರಳಿ ತೆಗೆದುಕೊಳ್ಳಬೇಕು. ಕಣ್ಣು ತೆರೆದಿರಬೇಕು. ಸೈಕಲ್ಲನ್ನು ಒದ್ದೆಯಲ್ಲೇ ಹತ್ತಬೇಕು. ಇಳಿದ ಮೇಲೆ ಕಾಲು ಬೇರೆಯವರದಾಗಿರುತ್ತದೆ, ಹೇಳಿದ ಮಾತು ಕೇಳುವುದಿಲ್ಲ.

ನಿನ್ನ ನಿಯಮ ಪಾಲಿಸುತ್ತಿದ್ದೇವೆ. ಎಲ್ಲದರಲ್ಲೂ ಗಡಿಯಾರ ಮುಂದೆ. ಒಂದೇ ತೊಂದರೆ ಎಂದರೆ, ನಮ್ಮಲ್ಲಿ ಯಾರು ಎಷ್ಟು ಜೋರು ಎಂದು ಯಾರಿಗೂ ಗೊತ್ತಿಲ್ಲ.

ಅಕ್ಕ

*

ಮಾರ್ಚ್ 5

ಅಕ್ಕಾ,

ಟ್ಯೂಬಿನ ಕತೆ ಓದಿ ಬಿದ್ದು ಬಿದ್ದು ನಕ್ಕೆ. ಸಾಹೇಬನೂ ನಕ್ಕಿರಬೇಕು, ಕಾಗದದ ಮೇಲೆ ಚಹಾ ಚೆಲ್ಲಿದ ಕಲೆ ಇದೆ.

ಈಗ ನಿಜ ಹೇಳು. ಆ ನಾಲ್ಕನೆಯವನು ಯಾರು? ಸೀಟಿ ಸೀಟಿ ಊದಿದ್ದು ಬರೆದೆ, ಗಡಿಯಾರ ಕೆಮ್ಮಿದ್ದೂ ಬರೆದೆ. ಅವನಿಗೆ ಬರೀ ಎರಡು ಅಂಗೈ. ಹೆಸರಿಲ್ಲ, ಕಸುಬಿಲ್ಲ, ಮುಖವಿಲ್ಲ. ಮುಚ್ಚಿಟ್ಟರೆ ಗೊತ್ತಾಗಲ್ವೇನೇ? ಕತ್ತು ಬಿಟ್ಟವಳು ಮನಸ್ಸನ್ನೂ ಬಿಟ್ಟಳೋ ಹೇಗೆ? ಇಷ್ಟು ವರ್ಷ ಒಂಟಿ ಇದ್ದೆ. ನನಗೆ ಭಾವ ಬರುತ್ತಾನೆ ಅಂದರೆ ಬೇಡ ಅನ್ನುತ್ತೇನಾ? ಅವನಿಗೆ ಸಿಟ್ಟು ಬರುತ್ತದಾ? ಹಾಡುತ್ತಾನಾ? ಗೊರಕೆ ಹೊಡೆಯುತ್ತಾನಾ? ಅದಿನ್ನೂ ಗೊತ್ತಿಲ್ಲದಿದ್ದರೆ ಸದ್ಯಕ್ಕೆ ಇಷ್ಟೇ ಸಾಕು.

ಅವನಿಗೆ ಸೈಕಲ್ ಇಲ್ಲದಿದ್ದರೆ ನನ್ನದು ಕೊಡು. ಹಿತ್ತಲ ಗೋಡೆಗೆ ಒರಗಿಸಿದ್ದೇನಲ್ಲ, ಹಸಿರು ಬಣ್ಣದ್ದು. ಯಾರಿಗೂ ಮುಟ್ಟಲು ಬಿಟ್ಟವನಲ್ಲ ನಾನು. ನನ್ನ ಅಕ್ಕನ ತಲೆ ಹಿಡಿದು ತೇಲಿಸಿದವನು ಹತ್ತಲಿ.

ಸಹಿ ಹಾಕಿದವರ ಸುದ್ದಿ ಬರೆಯಬೇಡ. ಅದರಲ್ಲೂ ಆ ಒಬ್ಬನದು. ಅವನ ಹೆಸರು ಕಂಡರೆ ಆ ಕಾಗದವನ್ನೇ ಹರಿದು ಹಾಕುತ್ತೇನೆ.

ತಮ್ಮ

*

ಮಾರ್ಚ್ 22

ತಮ್ಮಾ,

ಸೈಕಲ್ಲನ್ನು ಹೊರಗೆ ತಂದು ಒರೆಸಿದೆ. ಗಾಳಿ ಹೊಡೆದೆ. ಗೇಟಿನವರೆಗೆ ತಳ್ಳಿಕೊಂಡು ಹೋದೆ. ಅಲ್ಲಿಂದ ಕಾಲು ಮುಂದೆ ಹೋಗಲಿಲ್ಲ. ಸುಳ್ಳು ಹೇಳಿ ನಿನ್ನ ಸೈಕಲ್ ಕೊಡಲಾರೆ.

ನಾಲ್ಕನೆಯವನು ಕಿಡಿ.

ಹೌದು, ನಮ್ಮ ವೆಲ್ಡರ್ ಕಿಡಿಯೇ. ನಿನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು, ಮುಷ್ಕರದ ಬೋರ್ಡುಗಳಿಗೆಲ್ಲ ಕಾಲು ಬೆಸೆದುಕೊಟ್ಟವನು, ನಿನ್ನನ್ನು ಒಯ್ದ ಮೇಲೆ ಮಾಫಿ ಕಾಗದಕ್ಕೆ ಮೊದಲು ಸಹಿ ಹಾಕಿದವನು. ಭಾವನೂ ಅಲ್ಲ, ಮಣ್ಣೂ ಅಲ್ಲ. ನೀನು ಭಾವ ಎಂದು ನಗುತ್ತಿದ್ದೆಯಲ್ಲ, ಆ ನಗು ಇನ್ನಷ್ಟು ದಿನ ಇರಲಿ ಎಂದು ಆಸೆಯಾಯಿತು. ಅದಕ್ಕೇ ನಿನ್ನ ಪತ್ರ ಬಂದ ಮೇಲೂ ನಾಲ್ಕು ದಿನ ತಡ ಮಾಡಿ ಬರೆಯುತ್ತಿದ್ದೇನೆ.

ಆ ದಿನ ಗಡಿಯಾರ ಮುಳುಗಿದಾಗ ಯಾರ ಕೈ ಎಂದು ನೋಡುವ ಹೊತ್ತಲ್ಲ ಅದು. ಎಳೆದು ಹಾಕಿ, ನಮ್ಮ ಮುಖ ನೋಡದೆ ಎದ್ದು ಹೊರಟಿದ್ದ. ಯಾರೂ ಮಾತಾಡುವುದಿಲ್ಲವೆಂದೇ ಆ ಬಂಡೆಯ ಮೇಲೆ ಬಂದು ಕೂರುತ್ತಿದ್ದನಂತೆ. ನಾನೇ ಕರೆದೆ. "ಏಯ್, ಅರ್ಧ ಎಳೆದು ಹೋಗ್ತೀಯಲ್ಲ, ಪೂರ್ತಿ ಕಲಿಸಿ ಹೋಗು" ಅಂದೆ.

ನಾನು ಕರೆದದ್ದು. ಬೈಯುವುದಿದ್ದರೆ ನನ್ನನ್ನು ಬೈಯಿ.

ಅಕ್ಕ

*

ಏಪ್ರಿಲ್ 19

ಸೈಕಲ್ಲನ್ನು ತೆಗೆದಲ್ಲೇ ಇಡು. ಯಾರೂ ಮುಟ್ಟಬಾರದು.

ನಾನಿಲ್ಲಿ ಇರುವುದು ಯಾತಕ್ಕೆ? ನೀನು ಯಾರ ಕೈಯಲ್ಲಿ ತಲೆ ಇಟ್ಟೆ? ನೀರು ಕಂಡ ತಕ್ಷಣ ನೆತ್ತರು ಮರೆತೆಯಾ? ನಿನ್ನ ಓಟದ ಸುದ್ದಿ ನನಗೆ ಬೇಡ. ಅವನು ಆ ಗುಂಪಿನಲ್ಲಿ ಇರುವವರೆಗೂ ನನಗೆ ಬರೆಯಬೇಡ.

*

ಏಪ್ರಿಲ್ 30

ತಮ್ಮಾ,

ಬರೆಯಬೇಡ ಎಂದೆ. ಬರೆಯುತ್ತೇನೆ. ನೀನು ಹುಟ್ಟಿದಾಗ ನಿನ್ನ ಮೂಗು ಒರೆಸಿದವಳು ನಾನು, ನನಗೆ ಬಾಯಿ ಮುಚ್ಚು ಅನ್ನುವುದಕ್ಕೆ ನೀನೇನು ಡಿಪೋ ಮ್ಯಾನೇಜರಾ?

ನೀನು ಎಲ್ಲದಕ್ಕೂ ಪ್ರಶ್ನೆ ಕೇಳುವವನು. ಉಸಿರು ಹೇಗೆ, ಕಣ್ಣು ಹೇಗೆ, ಕಾಲು ಹೇಗೆ ಎಂದು ಕೇಳಿದೆ. ನಾಲ್ಕನೆಯವನ ಗೊರಕೆಯ ತನಕ ಕೇಳಿದೆ. ಒಂದೇ ಒಂದು ಕೇಳಲಿಲ್ಲ. ಯಾಕೆ ಸಹಿ ಹಾಕಿದ?

ನಾನು ಕೇಳಿದೆ. ಬಂಡೆಯ ಮೇಲೆ, ಮೈ ಒಣಗಿಸಿಕೊಳ್ಳುವಾಗ. ಅವನ ಅಮ್ಮನಿಗೆ ಮೂತ್ರಪಿಂಡ ಕೆಟ್ಟಿದೆ. ವಾರಕ್ಕೆ ಎರಡು ಸಲ ಆಸ್ಪತ್ರೆಯ ಮಷಿನ್ನಿಗೆ ರಕ್ತ ಕೊಟ್ಟು ತೊಳೆಸಿ ವಾಪಸು ತೆಗೆದುಕೊಳ್ಳಬೇಕು. ಡಿಪೋ ನೌಕರನ ಕಾರ್ಡು ಇದ್ದರೆ ಬಾಗಿಲು ತೆಗೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಕಾರ್ಡು ರದ್ದಾದ ವಾರ ಮುದುಕಿಯ ಮುಖ ಊದಿ ಕಣ್ಣು ಮುಚ್ಚಿಹೋಯಿತು.

"ಯಾಕೋ ನಮಗೆ ಹೇಳ್ಲಿಲ್ಲ?" ಅಂದಳು ಸೀಟಿ.

"ಯಾರು ಕೇಳಿದ್ರಿ?" ಅಂದ.

ಅವನು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ನನ್ನಿಂದ ಹೇಳಿಸಲೂ ಬೇಡ. ಅವನು ಸಹಿ ಹಾಕಿದ ಮರುದಿನ ಹನ್ನೊಂದು ಜನ ಹಾಕಿದರು, ಅದು ನನಗೂ ನೆನಪಿದೆ. ಆದರೆ ನಿಯಮ ಯಾರದ್ದು? ನಿಧಾನದವರು ಮುಂದೆ ಅಂದವನು ನೀನು! ಬೆನ್ನ ಮೇಲೆ ಅಮ್ಮನನ್ನು ಹೊತ್ತವನು ನಮ್ಮಲ್ಲಿ ಎಲ್ಲರಿಗಿಂತ ನಿಧಾನದವನು. ಅವನನ್ನು ಮುಂದೆ ಬಿಟ್ಟೆವಾ? ಬಾವುಟ ಹಿಡಿದು ನಾವು ಮುಂದೆ ಓಡಿದೆವು. ಹಿಂದೆ ತಿರುಗಿ ನೋಡಿದಾಗ ಅವನು ಇರಲಿಲ್ಲ. ಆಮೇಲೆ ದ್ರೋಹಿ ಅಂದೆವು. ನಿನ್ನದೇ ಮಾತು ನಿನಗೇ ಹೇಳುತ್ತೇನೆ: ಗಟ್ಟಿಗ ಮುಂದೆ ಹೋದರೆ ಅದು ಮೆರವಣಿಗೆಯಲ್ಲ.

ಡಿಪೋ ಅಧಿಕಾರಿಗಳ ಮೇಲೆ ನನಗಿರುವ ಸಿಟ್ಟಿನಲ್ಲಿ ಒಂದು ಚಮಚವೂ ಕಡಿಮೆಯಾಗಿಲ್ಲ. ಮುದುಕಿಯ ರಕ್ತವನ್ನು ಅಡ ಇಟ್ಟುಕೊಂಡು ಸಹಿ ತೆಗೆದವರು ಅವರು. ನೀನು ಬೈಯಬೇಕಾದ್ದು ಸಹಿಯನ್ನೋ, ಪೆನ್ನು ಕೊಟ್ಟ ಕೈಯನ್ನೋ?

ಸೈಕಲ್ಲು ಗೋಡೆಗೇ ಒರಗಿದೆ. ಕಿಡಿ ಗುಜರಿಯಿಂದ ಎರಡು ಮುರುಕು ಸೈಕಲ್ ತಂದು ಬೆಸೆದು ಒಂದು ಮಾಡಿಕೊಂಡಿದ್ದಾನೆ. ಮುಂದಿನ ಚಕ್ರ ದೊಡ್ಡದು, ಹಿಂದಿನದು ಸಣ್ಣದು. ಯಾವಾಗಲೂ ದಿಬ್ಬ ಹತ್ತುತ್ತಿರುವ ಹಾಗೆ ಕಾಣುತ್ತಾನೆ.

ಅಕ್ಕ

*

ಜೂನ್ 6

ತಮ್ಮಾ,

ಮೇ ತಿಂಗಳಿಡೀ ನಿನ್ನ ಪತ್ರ ಇಲ್ಲ. ಇದನ್ನು ನೀನು ಓದದಿದ್ದರೆ ಸಾಹೇಬರಾದರೂ ಓದಲಿ. ಅವರಿಗೂ ಕುತೂಹಲ ಇದ್ದೀತು.

ಭಾನುವಾರ ಗೇಟಿನಿಂದ ಒಳಗೆ ಹೋದೆವು. ಕಾವಲುಗಾರ ನನ್ನ ಮುಖ ನೋಡಿದ, ಎದೆಯ ನಂಬರು ನೋಡಿದ, ದಾರಿ ಬಿಟ್ಟ. ಅಮ್ಮನ ಟವೆಲು ಹೆಗಲ ಮೇಲಿತ್ತು.

ಮೈಗೆ ಅಂಟುವ ಕಪ್ಪು ಬಟ್ಟೆ ತೊಟ್ಟವರು, ತೆಳ್ಳಗಿನ ಸೈಕಲ್ಲಿನವರು ಇನ್ನೂರು ಜನ ಇದ್ದರು. ನಾವು ನಾಲ್ವರು ಡಿಪೋದ ಖಾಕಿ ಚಡ್ಡಿಯಲ್ಲಿ. ಕಿಡಿಯ ಸೈಕಲ್ಲನ್ನು ಒಬ್ಬ ಸುತ್ತಲೂ ತಿರುಗಿ ನೋಡಿ, "ಇದು ಯಾವ ಕಂಪನಿದು?" ಎಂದು ಕೇಳಿದ. "ಎರಡು ಕಂಪನಿದು, ಪಾಲುದಾರಿಕೆ" ಅಂದ ಗಡಿಯಾರ.

ಈಗ ಕೇಳು, ನೀರೊಳಗೆ ಏನಿತ್ತು ಎಂದು. ನಾನು ಕಣ್ಣು ತೆರೆದೇ ಇದ್ದೆ, ಅಮ್ಮನ ಪಾಲಿನದ್ದನ್ನೂ ನೋಡಬೇಕಿತ್ತಲ್ಲ. ಕೆಸರು. ಬರೀ ಕೆಸರು ಕಣೋ! ಒಂದು ಹಳೇ ಚಪ್ಪಲಿ, ನಾಲ್ಕು ಬಾಟಲಿ, ಕೆಸರು. ಇಷ್ಟಕ್ಕೆ ನಲವತ್ತು ವರ್ಷ ಬೇಲಿ ಹಾಕಿ ಕಾದರು! ನೀರೊಳಗೇ ನಗು ಬಂದು ಅರ್ಧ ಕೆರೆ ಕುಡಿದೆ. ಬಹಳ ತಣ್ಣಗಿತ್ತು. ಮೈಮೇಲೆಲ್ಲ ಅಮ್ಮ ಕೈ ಆಡಿಸಿದ ಹಾಗೆ ಇತ್ತು.

ನಡುನೀರಿನಲ್ಲಿ ಗಡಿಯಾರನಿಗೆ ಕೈ ಸೋತಿತು. ಬಾಯಿ ಬಿಟ್ಟ, ಮುಳುಗಿದ, ಎದ್ದ. ಕಿಡಿ ಅವನ ಹಿಂದೆಯೇ ಇದ್ದ. ಎರಡು ಅಂಗೈ ತಲೆಯ ಕೆಳಗೆ ಕೊಟ್ಟು ಮಲಗಿಸಿದ. ದೋಣಿಯಲ್ಲಿದ್ದ ಅಧಿಕಾರಿ ಕೂಗಿದ: "ಹಿಡ್ಕೊಂಡ್ರೆ ಇಬ್ಬರೂ ಲೆಕ್ಕಕ್ಕಿಲ್ಲ! ಬಿಟ್ಟು ಮುಂದೆ ಹೋಗಿ, ಇಲ್ಲ ದೋಣಿ ಹತ್ತಿ!"

ಕಿಡಿ ಬಿಡಲಿಲ್ಲ. ನಮ್ಮ ಕಡೆ ನೋಡಿ, "ನೀವಿಬ್ರು ಹೋಗಿ, ಹೊತ್ತು ಮೀರುತ್ತೆ. ನನ್ನ ಲೆಕ್ಕ ಹೋದರೆ ಹೋಯ್ತು, ಅಭ್ಯಾಸ ಇದೆ" ಅಂದ.

ಸೀಟಿ ನನ್ನ ಮುಖ ನೋಡಿದಳು. ನಾವಿಬ್ಬರೂ ಗುರಿ ಮುಟ್ಟುತ್ತಿದ್ದೆವು, ಅದು ಆ ಕ್ಷಣವೇ ಗೊತ್ತಾಯಿತು. ನನ್ನ ತೋಳಲ್ಲಿ ಅಷ್ಟು ಬಲ ಉಳಿದಿತ್ತು. ನಾನು ಎಷ್ಟು ಜೋರು ಎಂದು ಅಷ್ಟು ತಿಂಗಳಲ್ಲಿ ಮೊದಲ ಸಲ ಗೊತ್ತಾಯಿತು. ಆಸೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಸೀಟಿ ನೀರಲ್ಲೇ ಒಂದು ಸಲ ಸೀಟಿ ಊದಿದಳು. ಒಂದು ಅಂದರೆ ನಿಲ್ಲು. ನಿಂತೆವು. ಇಬ್ಬರೂ ಬೆನ್ನ ಮೇಲೆ ಮಲಗಿ ತೇಲಿದೆವು. ಕ್ಲಬ್ಬಿನ ಕೆರೆಯ ನಟ್ಟ ನಡುವೆ ಆಕಾಶ ನೋಡಿಕೊಂಡು ಮಲಗಿದೆ ಕಣೋ ನಾನು. ಗಡಿಯಾರನಿಗೆ ಉಸಿರು ಮರಳಿದ ಮೇಲೆ ಎರಡು ಊದಿದಳು. ಹೊರಟೆವು. ಗಡಿಯಾರ ಮುಂದೆ.

ದಡದಲ್ಲಿ ನಾಲ್ವರ ನಂಬರನ್ನೂ ಕಿತ್ತುಕೊಂಡರು. ಇಬ್ಬರದು ನಿಯಮ ಮುರಿದಿದ್ದಕ್ಕೆ, ಇಬ್ಬರದು ಹೊತ್ತು ಮೀರಿದ್ದಕ್ಕೆ. ನಂಬರು ಕೊಟ್ಟೆವು, ಸೈಕಲ್ ಹತ್ತಿದೆವು. ರಸ್ತೆ ಏನು ಅವರಪ್ಪನದಾ? ಅಡ್ಡಗಟ್ಟೆ ತೆಗೆದು ವಾಹನ ಬಿಟ್ಟಿದ್ದರು. ನಮ್ಮ ಡಿಪೋದ ಬಸ್ಸೇ ಹಿಂದೆ ಬಂತು. ಸಹಿ ಹಾಕಿದವನೊಬ್ಬ ಓಡಿಸುತ್ತಿದ್ದ. ಹಾರನ್ ಹೊಡೆಯಲಿಲ್ಲ. ಮುಂದಿನ ತಿರುವಿನವರೆಗೆ ನಮ್ಮ ಹಿಂದೆ ನಿಧಾನಕ್ಕೆ ಬಂದ. ಯಾಕೆ ಎಂದು ಗೊತ್ತಿಲ್ಲ. ಕೇಳಬೇಕು.

ಓಟ ಮುಗಿಸಿದಾಗ ಬ್ಯಾನರು ಸುತ್ತುತ್ತಿದ್ದರು, ಕುರ್ಚಿ ಲಾರಿಗೆ ಏರಿಸುತ್ತಿದ್ದರು. ಗೆರೆ ಮಾತ್ರ ನೆಲದ ಮೇಲಿತ್ತು, ಅದನ್ನು ಸುತ್ತಿ ಒಯ್ಯಲು ಆಗಲಿಲ್ಲ. ಮೊದಲು ಗಡಿಯಾರ ದಾಟಿದ. ನಿಂತುಹೋದ ಕೈಗಡಿಯಾರ ನೋಡಿಕೊಂಡು, "ಸರಿಯಾದ ಹೊತ್ತಿಗೆ ಬಂದಿದೀನಿ ನೋಡಿ" ಅಂದ.

ಅಕ್ಕ

*

ಜೂನ್ 24

ಕಿಡಿಗೆ,

ಅಕ್ಕನ ವಿಳಾಸಕ್ಕೇ ಹಾಕಿದ್ದೇನೆ. ಅವಳು ಮೊದಲು ಓದುತ್ತಾಳೆ, ಅವಳಿಗೂ ಮುಂಚೆ ಸಾಹೇಬ ಓದುತ್ತಾನೆ. ನನ್ನ ಕಾಗದ ನೆಟ್ಟಗೆ ಯಾರ ಕೈಗೂ ಹೋಗುವುದಿಲ್ಲ.

ಇದು ಕ್ಷಮೆಯಲ್ಲ. ಕ್ಷಮಿಸಲು ನಾನು ಯಾರು ಎಂಬುದೂ ಈಗ ನನಗೆ ಸರಿಯಾಗಿ ಗೊತ್ತಿಲ್ಲ. ಕೆಲವು ಪ್ರಶ್ನೆಗಳಿವೆ, ಅಷ್ಟೇ.

ಮೇ ತಿಂಗಳಲ್ಲಿ ನನ್ನ ಮುಂದೆಯೂ ಆ ಮಾಫಿ ಕಾಗದ ಇಟ್ಟರು. ಅದಕ್ಕೂ ಮುಂಚೆ ಎರಡು ಸಲ ಇಟ್ಟಿದ್ದರು, ಅಕ್ಕನಿಗೆ ಬರೆದಿರಲಿಲ್ಲ. ಆಗ ಓದದೆ ತಳ್ಳಿದ್ದೆ. ಈ ಸಲ ಕೈಗೆ ತೆಗೆದುಕೊಂಡು ಪೂರ್ತಿ ಓದಿದೆ. ಕೊನೆಯ ಸಾಲಿಗೆ ಬಂದಾಗ ನಮ್ಮ ಹಿತ್ತಲು ಕಣ್ಣ ಮುಂದೆ ಬಂತು, ಸೈಕಲ್ಲು ಬಂತು. ಸಹಿ ಹಾಕಲಿಲ್ಲ. ಆದರೆ ಪೆನ್ನು ಕೈಯಲ್ಲಿ ಎಷ್ಟು ಹಗುರ ಇರುತ್ತದೆ ಎಂದು ಗೊತ್ತಾಯಿತು. ನನ್ನ ಬೆನ್ನ ಮೇಲೆ ಯಾರೂ ಇರಲಿಲ್ಲ ಕಣೋ, ಆದರೂ ಅಷ್ಟು ಹಗುರ ಇತ್ತು.

ನಿನ್ನ ಅಮ್ಮ ಹೇಗಿದ್ದಾರೆ? ಮುಖದ ಊತ ಇಳಿಯಿತಾ? ನಾನು ಆಗಲೇ ಕೇಳಬೇಕಿತ್ತು.

ಆ ಬಸ್ಸಿನವನು ಯಾಕೆ ಹಾರನ್ ಹೊಡೆಯಲಿಲ್ಲ ಎಂದು ಯಾರಾದರೂ ಕೇಳಿದಿರಾ? ಕೇಳಿ. ಅವನು ಯಾವ ಹೊತ್ತಿಗೆ ಚಹಾ ಅಂಗಡಿ ಎದುರು ಹಾಯುತ್ತಾನೋ ನೋಡಿ ಚಹಾಕ್ಕೆ ಕರೆಯಿರಿ. ಹದಿನಾರು ಗಂಟೆ ಅವನೂ ಸ್ಟಿಯರಿಂಗ್ ಹಿಡಿದಿರುತ್ತಾನೆ.

ಅಕ್ಕಾ, ನೀನು ಓದುತ್ತಿದ್ದೀಯಲ್ಲ, ನಿನಗೆ: ನಿಂತ ಸೈಕಲ್ಲಿನ ಟಯರು ಬಿರುಕು ಬಿಡುತ್ತದೆ. ಅವನಿಗೆ ಕೊಡು. ಸೀಟು ಸ್ವಲ್ಪ ತಗ್ಗಿಸಬೇಕು, ಅವನು ನನಗಿಂತ ಗಿಡ್ಡ.

ಸಾಹೇಬ ಇವತ್ತು ಕೇಳಿದ, "ನಂಬರು ಕಿತ್ಕೊಂಡ ಮೇಲೂ ಯಾಕೆ ಓಡಿದ್ರು?" ಎಂದು. ಅದು ನಿಮಗೆ ಗೊತ್ತಾಗುವ ವಿಷಯವಲ್ಲ ಎಂದು ಹೇಳಲು ಬಾಯಿ ತೆರೆದೆ. ಅವನ ಮುಖ ನೋಡಿದೆ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ. ಕೂರಿಸಿ ಹೇಳಿದೆ. ಅರ್ಥವಾಯಿತೋ ಇಲ್ಲವೋ.

ಕಿಡಿ, ಕೊನೆಯ ಪ್ರಶ್ನೆ. ಕಿವಿ ಮುಳುಗಿದಾಗ ಪಕ್ಕದ ಕೋಣೆಯಲ್ಲಿ ನೆಲ ಗುಡಿಸುವ ಸದ್ದು ಕೇಳುತ್ತದಂತೆ. ನಿನಗೂ ಹಾಗೇ ಕೇಳುತ್ತದಾ? ನನಗೆ ಈಜು ಬರುವುದಿಲ್ಲ. ಈ ಗೋಡೆ ಎಂದೋ ಒಂದು ದಿನ ನನ್ನನ್ನು ಬಿಡುತ್ತದೆ. ಆಗ ಆ ಕಲ್ಲಿನ ಹಳ್ಳಕ್ಕೆ ಬರುತ್ತೇನೆ.

ನನ್ನ ತಲೆ ಅಕ್ಕನ ತಲೆಗಿಂತ ಭಾರ. ಕೈ ಗಟ್ಟಿ ಮಾಡಿಕೊಂಡಿರು.